ಇಪ್ಪತ್ತೊಂದು ಕಾಲಮ್ಮಿನ ಚೀಟಿ

2024ರ ಅಕ್ಟೋಬರ್ 3ರಂದು ಸರ್ಟ್-ಇನ್ ಒಂದು ಮಾರ್ಗಸೂಚಿ ಹೊರಡಿಸಿತು. ಸರ್ಟ್-ಇನ್ ಅಂದ್ರೆ ದೇಶದ ಕಂಪ್ಯೂಟರ್ ಸುರಕ್ಷತೆಯ ಉಸ್ತುವಾರಿ ಹೊತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಮಾರ್ಗಸೂಚಿಯ ವಿಷಯ 'ಸಾಫ್ಟ್‌ವೇರ್ ಬಿಲ್ ಆಫ್ ಮೆಟೀರಿಯಲ್ಸ್'. ನಮ್ಮ ಕಸುಬಿನವರ ಬಾಯಲ್ಲಿ ಎಸ್‌ಬಾಮ್. ತಲೆನೋವಿಗೆ ಹಚ್ಚೋ ಬಾಮ್ ಅಲ್ಲ, ಆದರೆ ರಿಲೀಸಿನ ಹಿಂದಿನ ದಿನ ಯಾರಾದ್ರೂ ಕೇಳಿದರೆ ತಲೆನೋವು ಗ್ಯಾರಂಟಿ.

ನಾವು ಸಿನಿಮಾಕ್ಕೆ ವಿಮರ್ಶೆ ಬರಿತೀವಿ, ಕಾದಂಬರಿಗೆ ಬರಿತೀವಿ, ಹೊಸ ಫೋನಿಗೂ ಬರಿತೀವಿ. ಸರ್ಕಾರಿ ಮಾರ್ಗಸೂಚಿಗೆ ಯಾರೂ ಬರೆಯೋದಿಲ್ಲ. ಈ ಲೇಖನ ಓದ್ತಿರೋ ನಿಮ್ಮಲ್ಲಿ ಅರ್ಧ ಮಂದಿಯ ಸೋಮವಾರದ ಕೆಲಸವನ್ನು ಯಾವ ಕಾದಂಬರಿಗಿಂತಲೂ ಹೆಚ್ಚಾಗಿ ಆಳೋದು ಇಂಥ ಕಾಗದಗಳೇ. ಹಾಗಾಗಿ ಇದನ್ನು ಪುಸ್ತಕ ಓದೋ ಹಾಗೆ, ಪೆನ್ಸಿಲ್ ಹಿಡ್ಕೊಂಡು ಓದಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಬರೆದವರಿಗೆ ವಿಷಯ ಗೊತ್ತು, ಉದ್ದೇಶ ಸರಿ ಇದೆ. ಆದರೆ ಎಲ್ಲಿ ನೋಯ್ತಿದೆಯೋ ಅಲ್ಲಿ ಕೈ ಇಟ್ಟಿಲ್ಲ.

ಈ ಕಸುಬಿಗೆ ಹೊರಗಿನವರಿಗಾಗಿ ಎರಡು ಮಾತು. ಇವತ್ತು ಯಾವ ಸಾಫ್ಟ್‌ವೇರನ್ನೂ ಯಾರೂ ಪೂರ್ತಿ ತಾವೇ ಬರೆಯೋದಿಲ್ಲ. ಮದುವೆ ಮನೆಯ ಕಿರಾಣಿ ಚೀಟಿಯಲ್ಲಿ 'ಮಸಾಲಿ ಪುಡಿ 2 ಕೆಜಿ' ಅಂತ ಬರೆದಿರ್ತೀವಿ. ಪುಡಿಯೊಳಗೆ ಏನೇನಿದೆ ಅಂತ ಅಡುಗೆಯವನಿಗೂ ಗೊತ್ತಿರೋದಿಲ್ಲ, ಅಂಗಡಿಯವನಿಗೂ ಗೊತ್ತಿರೋದಿಲ್ಲ. ನಾವು ಒಂದು ಲೈಬ್ರರಿ ತರ್ತೀವಿ, ಅದು ಹತ್ತು ತರ್ತದೆ, ಆ ಹತ್ತು ತಮ್ಮ ಬಳಗವನ್ನೆಲ್ಲ ಕರ್ಕೊಂಡು ಬರ್ತಾವೆ. ಹೀಗೆ ಬಂದವರನ್ನೆಲ್ಲ ಹೆಸರು ಹಿಡಿದು ಬರೆದಿಡು ಅನ್ನೋದೇ ಎಸ್‌ಬಾಮ್. ಯಾರಿಗೆ ರೋಗ ಇದೆ ಅಂತ ನೋಡೋದು ಸುರಕ್ಷತೆಯ ತಪಾಸಣೆ. ಯಾರು ಯಾವ ಷರತ್ತಿನ ಮೇಲೆ ಬಂದಿದ್ದಾರೆ ಅಂತ ನೋಡೋದು ಲೈಸೆನ್ಸಿನ ತಪಾಸಣೆ.

ಚೀಟಿ ಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ. 2021ರ ಡಿಸೆಂಬರ್ 10ರ ಶುಕ್ರವಾರ ನೆನಪಿರುವವರು ಯಾರೂ ತಕರಾರು ಮಾಡೋದಿಲ್ಲ. ಅವತ್ತು ಲಾಗ್4ಜೆ ಅನ್ನೋ ಜಾವಾ ಲೈಬ್ರರಿಯಲ್ಲಿ ದೊಡ್ಡ ತೂತು ಬಯಲಾಯ್ತು. ಲಾಗ್ ಬರೆಯೋದಷ್ಟೇ ಅದರ ಕೆಲಸ. ಹೊರಗಿನವನು ಕಳಿಸಿದ ಒಂದು ಸಾಲನ್ನು ಲಾಗಿಗೆ ಬರೆಯೋ ಹೊತ್ತಿಗೆ ಅವನ ಕೋಡನ್ನೇ ತಂದು ಓಡಿಸಿಬಿಡ್ತಿತ್ತು. ನಾನು ಆಗ ಕೆಲಸ ಮಾಡ್ತಿದ್ದ ಕಡೆ ಆ ವಾರಾಂತ್ಯಪೂರ್ತಿ ಇದ್ದ ಪ್ರಶ್ನೆ ಒಂದೇ: ನಮ್ಮಲ್ಲಿ ಅದು ಇದೆಯಾ? ಹೇಗೆ ಸರಿಮಾಡೋದು ಅನ್ನೋದು ಆಮೇಲಿನ ಮಾತು. ಜಾರ್ ಫೈಲಿನ ಹೊಟ್ಟೆಯಲ್ಲಿ ಇನ್ನೊಂದು ಜಾರ್, ಅದರ ಹೊಟ್ಟೆಯಲ್ಲಿ ಮತ್ತೊಂದು. ಮೂರು ವರ್ಷದ ಹಿಂದೆ ಬಿಟ್ಟುಹೋದವರು ಕಟ್ಟಿದ್ದು, ಅವರ ಫೋನ್ ಸ್ವಿಚ್ ಆಫ್. ಚೀಟಿ ಇದ್ದ ತಂಡಗಳು ಅರ್ಧ ಗಂಟೆಯಲ್ಲಿ ಉತ್ತರ ಹೇಳಿ ಊಟಕ್ಕೆ ಹೋದವು. ಇಲ್ಲದವರು ಮಂಗಳವಾರದವರೆಗೂ ಹುಡುಕಿದರು.

ಹೀಗಾಗಿ ಸರ್ಟ್-ಇನ್ ಸರಿಯಾದ ಜಾಗದಿಂದಲೇ ಶುರು ಮಾಡಿದೆ. ಸರ್ಕಾರಿ ಇಲಾಖೆಗಳು, ಸಾರ್ವಜನಿಕ ಸಂಸ್ಥೆಗಳು, ಅಗತ್ಯ ಸೇವೆಯವರು, ಸಾಫ್ಟ್‌ವೇರ್ ರಫ್ತು ಮಾಡುವವರು, ಎಲ್ಲರನ್ನೂ ಉದ್ದೇಶಿಸಿ ಬರೆದಿದೆ. ಷೇರುಪೇಟೆಯ ಸೆಬಿ ಅದಕ್ಕಿಂತ ಮೊದಲೇ, 2024ರ ಆಗಸ್ಟಿನಲ್ಲಿ, ತನ್ನ ಸೈಬರ್ ಚೌಕಟ್ಟಿನಲ್ಲಿ ಎಸ್‌ಬಾಮ್ ಸೇರಿಸಿತ್ತು. ಅಂದರೆ ಇದು ಶೋಕಿ ವಿಷಯ ಅಲ್ಲ, ಬಂದೇ ಬಿಟ್ಟಿದೆ.

ನನ್ನ ಪೆನ್ಸಿಲ್ ಮೊದಲು ನಿಂತಿದ್ದು ಕನಿಷ್ಠ ವಿವರಗಳ ಪಟ್ಟಿಯ ಹತ್ತಿರ. ಅಮೆರಿಕದವರು 2021ರ ಜುಲೈಯಲ್ಲಿ ಇದೇ ಕೆಲಸಕ್ಕೆ ಏಳು ಕಾಲಂ ಇಟ್ಟಿದ್ದರು: ಕೊಟ್ಟವರು ಯಾರು, ಹೆಸರೇನು, ಯಾವ ಆವೃತ್ತಿ, ಬೇರೆ ಗುರುತು, ಯಾವುದು ಯಾವುದಕ್ಕೆ ಅವಲಂಬಿತ, ಪಟ್ಟಿ ಬರೆದವರು ಯಾರು, ಯಾವಾಗ ಬರೆದದ್ದು. ನಮ್ಮವರು ಇಪ್ಪತ್ತೊಂದು ಇಟ್ಟರು. ಲೈಸೆನ್ಸು, ಮೂಲ, ದೋಷಗಳು, ಪ್ಯಾಚ್ ಸ್ಥಿತಿ, ಬಿಡುಗಡೆ ದಿನ, ಆಯುಷ್ಯ ಮುಗಿಯುವ ದಿನ, ಎಷ್ಟು ಮುಖ್ಯ, ಬಳಕೆಗೆ ಏನು ನಿರ್ಬಂಧ... ಹೀಗೆ ಸಾಗ್ತದೆ. ಓದಲಿಕ್ಕೆ ಘನವಾಗಿದೆ. ತುಂಬಲಿಕ್ಕೆ ಕೂತವನ ಪಾಡು ಬೇರೆ. 'ಆಯುಷ್ಯ ಮುಗಿಯುವ ದಿನ' ಅಂದ್ರೆ? ಯಾವನೋ ಒಬ್ಬ ರಾತ್ರಿ ಊಟ ಆದಮೇಲೆ ಬರೆದು ಪುಕ್ಕಟೆ ಕೊಟ್ಟ ಲೈಬ್ರರಿ ಅದು. ಅವನು ಎಂದು ಬೇಸತ್ತು ಬಿಡ್ತಾನೆ ಅಂತ ಅವನಿಗೇ ಗೊತ್ತಿಲ್ಲ. ಆ ಕಾಲಮ್ಮಿಗೆ ಸಾಮಾನ್ಯವಾಗಿ ಬೀಳೋದು 'ಎನ್‌ಎ' ಅನ್ನೋ ಎರಡಕ್ಷರ. ನಾನೂರು ಸಾಲು ಎನ್‌ಎ ಇರೋ ಎಕ್ಸೆಲ್ ಶೀಟನ್ನು ಆಡಿಟರ್ ಗಂಭೀರವಾಗಿ ಸ್ಕ್ರಾಲ್ ಮಾಡೋದನ್ನ ನೋಡಿದವರಿಗೇ ಗೊತ್ತು ಆ ಸೊಗಸು.

'ದೋಷಗಳು', 'ಪ್ಯಾಚ್ ಸ್ಥಿತಿ' ಕಾಲಮ್ಮಿನದು ಇನ್ನೂ ಆಳದ ತೊಂದರೆ. ಒಳಗೆ ಏನಿದೆ ಅನ್ನೋದು ಸಾಫ್ಟ್‌ವೇರ್ ಹೊರಬಿದ್ದ ದಿನಕ್ಕೇ ನಿಂತುಹೋಗುವ ಸತ್ಯ. ಅದರಲ್ಲಿ ಏನು ದೋಷ ಅನ್ನೋದು ದಿನದಿನಕ್ಕೆ ಬದಲಾಗುವ ಸುದ್ದಿ. ಲಾಗ್4ಜೆಯದೇ ತಗೊಳ್ರಿ: 2.15 ಬಂತು, ಅದರಲ್ಲೂ ತೂತು ಅಂತ 2.16, ಮತ್ತೆ 2.17, ತಿಂಗಳ ಕೊನೆಗೆ 2.17.1. ಒಂದೇ ಡಿಸೆಂಬರಿನಲ್ಲಿ ನಾಲ್ಕು. ಆಧಾರ್ ಕಾರ್ಡಿನ ಮೇಲೆ ಇವತ್ತಿನ ಜ್ವರ ಎಷ್ಟು ಅಂತ ಪ್ರಿಂಟ್ ಹಾಕಿದಂಗೆ ಇದು. ತಮಾಷೆ ಏನಪ್ಪಾ ಅಂದ್ರೆ, ದೋಷದ ಸುದ್ದಿಯನ್ನು ಬೇರೆ ಕಾಗದದಲ್ಲಿ ಕೊಡೋ ವೆಕ್ಸ್ ಅನ್ನೋ ಪದ್ಧತಿಯನ್ನು ಇದೇ ಮಾರ್ಗಸೂಚಿ ವಿವರಿಸ್ತದೆ. ಆ ಪುಟ ಬರೆದವರೂ ಕಾಲಂ ಬರೆದವರೂ ಒಂದೇ ಟೇಬಲ್ಲಿಗೆ ಕೂತಂಗೆ ಕಾಣೋದಿಲ್ಲ.

ಚೀಟಿ ಹೇಗಿರಬೇಕು ಅಂತ ನೋಡಬೇಕಿದ್ರೆ ಕುಷ್ಟಗಿಯ ಬೀಜದ ಅಂಗಡಿಗೆ ಹೋಗಬೇಕು. 1966ರ ಬೀಜ ಕಾಯ್ದೆ ಪ್ರಕಾರ ಪಾಕೀಟಿನ ಮೇಲೆ ಬೆಳೆ, ತಳಿ, ಲಾಟ್ ನಂಬರ್, ಮೊಳಕೆಯ ಪ್ರಮಾಣ, ಶುದ್ಧತೆ, ಪರೀಕ್ಷೆಯ ತಾರೀಕು, ಮಾರಿದವರ ವಿಳಾಸ ಇರಬೇಕು. ಔಷಧ ಸವರಿದ್ದರೆ ವಿಷ ಅಂತ ಬರೆದಿರಬೇಕು. ನಮ್ಮ ಕಡೆ ಸಜ್ಜಿ, ಸೂರ್ಯಪಾನ, ಮೆಕ್ಕೆಜೋಳ ಬಿತ್ತುವವರಿಗೆ ಕೃಷಿ ಇಲಾಖೆಯವರು ಪ್ರತಿ ಮುಂಗಾರಿಗೂ ಒಂದೇ ಮಾತು ಹೇಳ್ತಾರೆ: ಬಿಲ್ಲು, ಚೀಲ ರಾಶಿ ಆಗೋವರೆಗೂ ಒಗೀಬ್ಯಾಡ್ರಿ. ಯಾಕಂದ್ರೆ ಬೀಜ ಹುಟ್ಟದಿದ್ರೆ ಆ ಲಾಟ್ ನಂಬರ್ ಹಿಡಿದು ಕಂಪನಿಯವರೆಗೂ ಹೋಗಬಹುದು, ಅದೇ ಲಾಟ್ ಇನ್ಯಾವ ಊರಿಗೆ ಹೋಗೇತಿ ಅಂತ ಹುಡುಕಬಹುದು. ಪ್ರತಿ ವಿವರದ ಹಿಂದೂ ಜವಾಬ್ದಾರಿ ಹೊತ್ತ ಒಬ್ಬ ಮನುಷ್ಯ ಇದ್ದಾನೆ. ಪರೀಕ್ಷೆ ಮಾಡಿದವನೊಬ್ಬ, ಮಾರಿದವನೊಬ್ಬ. ಈ ಪದ್ಧತಿಯಲ್ಲೂ ಕಳ್ಳಬೀಜ ಬರ್ತದೆ, ಅದು ಬೇರೆ. ಆದರೆ ರೈತನಿಗೆ ಕೈಯಲ್ಲಿ ಹಿಡಿಯಲಿಕ್ಕೆ ಒಂದು ಎಳೆ ಸಿಗ್ತದೆ. ಇಪ್ಪತ್ತೊಂದು ಕಾಲಮ್ಮಿನಲ್ಲಿ ನನಗೆ ಆ ಮನುಷ್ಯ ಕಾಣಲಿಲ್ಲ.

ಈಗ ನಿಜವಾದ ಕೇಸಿಗೆ ಬರ್ತೀನಿ. ಮಾರ್ಗಸೂಚಿ ಬರುವ ಎರಡು ತಿಂಗಳ ಹಿಂದೆ, 2024ರ ಜುಲೈ 31ರಂದು, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ನಿಂತುಹೋದವು. ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರಾನ್ಸಮ್‌ವೇರ್ ದಾಳಿ ಆಗಿತ್ತು. ಇದು ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಸೇರಿ ಹುಟ್ಟುಹಾಕಿದ ಕಂಪನಿ. ರೋಗ ಹರಡದಿರಲಿ ಅಂತ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು, ಮರುದಿನ ಮತ್ತೆ ಜೋಡಿಸಿತು. ಸುದ್ದಿಯಲ್ಲಿ ಬಂದ ಸಮಾಧಾನದ ಮಾತು ಇದು: ದೇಶದ ಒಟ್ಟು ವಹಿವಾಟಿನಲ್ಲಿ ಇವುಗಳ ಪಾಲು ಬರೀ 0.5 ಪರ್ಸೆಂಟು.

ಈ 0.5 ನನ್ನನ್ನು ಇವತ್ತಿಗೂ ಕಾಡ್ತದೆ. ಇಂದಿರಾನಗರದಲ್ಲಿ ಒಂದು ಆ್ಯಪ್ ಕೈಕೊಟ್ರೆ ನಮ್ಮ ಹತ್ತಿರ ಇನ್ನೆರಡು ಬ್ಯಾಂಕಿನ ಖಾತೆ ಇರ್ತಾವೆ, ಒಂದು ಕ್ರೆಡಿಟ್ ಕಾರ್ಡ್ ಇರ್ತದೆ. ಯಲಬುರ್ಗಾ ತಾಲೂಕಿನ ಯಾವುದೇ ಹಳ್ಳಿಗೆ ಹೋಗಿ ನೋಡ್ರಿ, ಬೆಳೆಸಾಲ, ಬೆಳೆವಿಮೆ, ಪಿಂಚಣಿ, ಹಾಲಿನ ದುಡ್ಡು ಎಲ್ಲ ಬರೋದು ಒಂದೇ ಪಾಸ್‌ಬುಕ್ಕಿಗೆ. ಅದು ನಿಂತರೆ ಆ ಮನೆಗೆ ನೂರಕ್ಕೆ ನೂರು ನಿಂತಂಗೆ. ಸಂತಿ ದಿನ ನಿಂತರೆ ಕೇಳೋದೇ ಬೇಡ.

ದಾಳಿ ಹೇಗಾಯ್ತು ಅಂತ ಕ್ಲೌಡ್‌ಸೆಕ್ ಅನ್ನೋ ಸುರಕ್ಷತಾ ಕಂಪನಿ ವರದಿ ಬರೆಯಿತು. ಅದರ ಪ್ರಕಾರ ಕಳ್ಳರು ಒಳಬಂದದ್ದು ಸಿ-ಎಡ್ಜ್ ಜೊತೆ ಕೆಲಸ ಮಾಡುವ ಬ್ರೊಂಟೂ ಟೆಕ್ನಾಲಜಿ ಸೊಲ್ಯೂಷನ್ಸ್ ಎಂಬ ಕಂಪನಿಯ, ಸರಿಯಾಗಿ ಹೊಂದಿಸದಿದ್ದ ಜೆಂಕಿನ್ಸ್ ಸರ್ವರಿನಿಂದ. ಜೆಂಕಿನ್ಸ್ ಅಂದ್ರೆ ನಾವು ಬರೆದ ಕೋಡನ್ನು ಕಟ್ಟಿ, ಪರೀಕ್ಷೆ ಮಾಡಿ, ಹೊರಗೆ ಕಳಿಸೋ ಯಂತ್ರ. ಬಳಸಿದ ತೂತು ಸಿವಿಇ-2024-23897.

ಈ ತೂತಿನ ಒಳಗೆ ಇಳಿದು ನೋಡಬೇಕು, ಯಾಕಂದ್ರೆ ಡಿಪೆಂಡೆನ್ಸಿ ತಪಾಸಣೆಯ ಇಡೀ ಕಥೆ ಇದರಲ್ಲಿದೆ. ಜೆಂಕಿನ್ಸಿಗೆ ಕಮಾಂಡ್ ಕೊಟ್ಟಾಗ ಅದನ್ನು ಬಿಡಿಸಿ ಓದೋದು ಆರ್ಗ್ಸ್4ಜೆ ಅನ್ನೋ ಪುಟ್ಟ ಲೈಬ್ರರಿ. ಅದಕ್ಕೊಂದು ಅನುಕೂಲ ಇತ್ತು: ಯಾವುದಾದರೂ ಫೈಲಿನ ಹೆಸರಿನ ಮುಂದೆ '@' ಹಾಕಿದರೆ, ಆ ಫೈಲಿನ ಒಳಗಿರೋದನ್ನ ತಂದು ಆ ಜಾಗಕ್ಕೆ ಇಡ್ತದೆ. ಉದ್ದ ಕಮಾಂಡ್ ಟೈಪ್ ಮಾಡೋ ಕಷ್ಟ ತಪ್ಪಲಿ ಅಂತ ಇಟ್ಟದ್ದು. ನಮ್ಮ ಲ್ಯಾಪ್‌ಟಾಪಿನಲ್ಲಿ ಇದು ಒಳ್ಳೆಯ ಸೌಲಭ್ಯ. ಆದರೆ ಸರ್ವರಿನ ಮೇಲೆ, ದೂರದಿಂದ ಯಾರೋ ಕಮಾಂಡ್ ಕಳಿಸಿದಾಗ? ಫೈಲು ಸರ್ವರಿನದು, ಕೇಳಿದವನು ಹೊರಗಿನವನು. ಜೆಂಕಿನ್ಸು ಪಾಪ 'ಹೀಗೊಂದು ಕಮಾಂಡ್ ನನಗೆ ಗೊತ್ತಿಲ್ಲ' ಅಂತ ಹೇಳ್ತಾ ಹೇಳ್ತಾ ಫೈಲಿನ ಸಾಲನ್ನೇ ತಪ್ಪಿನ ಸಂದೇಶದಲ್ಲಿ ಓದಿಹೇಳ್ತಿತ್ತು. ಹೀಗೆ ಕೀಲಿಗಳನ್ನು ಕದ್ದರೆ ಆಮೇಲೆ ಇಡೀ ಸರ್ವರ್ ಅವನದೇ.

ಗಮನಿಸ್ರಿ, ಆರ್ಗ್ಸ್4ಜೆಯಲ್ಲಿ ದೋಷ ಇರಲಿಲ್ಲ. ಅದು ತಾನು ಮಾಡ್ತೀನಿ ಅಂದದ್ದನ್ನೇ ಮಾಡ್ತು. ದೋಷದ ನಂಬರು ಬಿದ್ದದ್ದು ಜೆಂಕಿನ್ಸಿನ ಹೆಸರಿಗೆ, ಆ ಸೌಲಭ್ಯವನ್ನು ಬಂದ್ ಮಾಡದೆ ಬಿಟ್ಟದ್ದಕ್ಕೆ. ಲೈಬ್ರರಿ ಬರೆದವರು ಅಪರಿಚಿತರೂ ಅಲ್ಲ: ಜೆಂಕಿನ್ಸನ್ನು ಹುಟ್ಟುಹಾಕಿದ ಕೊಹ್ಸುಕೆ ಕವಾಗುಚಿಯವರೇ ಆರ್ಗ್ಸ್4ಜೆಯನ್ನೂ ಬರೆದವರು. ಅಂದಮೇಲೆ ಯಾವ ಸ್ಕ್ಯಾನರ್ ತಂದು ಆರ್ಗ್ಸ್4ಜೆಯನ್ನು ಎಷ್ಟು ಸಲ ಹುಡುಕಿದ್ರೂ ಬರೋದು ಹಸಿರು ಟಿಕ್ಕು. 2024ರ ಜನವರಿಗೆ ಮೊದಲು ಎಲ್ಲರದೂ ಹಸಿರೇ.

ಇನ್ನು ಇಪ್ಪತ್ತೊಂದು ಕಾಲಮ್ಮಿನ ಚೀಟಿ ಇದ್ದಿದ್ದರೆ ಏನಾಗ್ತಿತ್ತು? ಬ್ಯಾಂಕಿನವರು ಕೇಳೋದು ತಾವು ಕೊಂಡ ಸಾಫ್ಟ್‌ವೇರಿನ ಚೀಟಿ. ಜೆಂಕಿನ್ಸು ಆ ಸಾಫ್ಟ್‌ವೇರಿನ ಒಳಗಿಲ್ಲ, ಅದನ್ನು ಕಟ್ಟುವ ಕೊಟ್ಟಿಗೆಯಲ್ಲಿದೆ. ಊಟದ ಚೀಟಿಯಲ್ಲಿ ಅಕ್ಕಿ, ಬೇಳೆ ಇರ್ತದೆ, ಒಲೆ ಇರೋದಿಲ್ಲ. ಸರಿ, ಜೆಂಕಿನ್ಸಿಗೂ ಒಂದು ಚೀಟಿ ಬರೆಸಿದರು ಅಂದ್ಕೊಳ್ಳೋಣ. ಜನವರಿ 24ಕ್ಕೇ ಜೆಂಕಿನ್ಸಿನವರು ಎಚ್ಚರಿಕೆ ಕೊಟ್ಟು, ಸರಿಪಡಿಸಿದ ಆವೃತ್ತಿಯನ್ನೂ ಬಿಟ್ಟಿದ್ದರು. ಬ್ಯಾಂಕುಗಳು ನಿಂತದ್ದು ಜುಲೈ ಕೊನೆಗೆ. ನಡುವೆ ಆರು ತಿಂಗಳು. ಹೊಸ ಆವೃತ್ತಿ ಹಾಕೋ ಕೆಲಸ ಯಾರದು, ಹಾಕಿದ್ದಾರಾ ಅಂತ ಕೇಳೋನು ಯಾರು, ಬ್ಯಾಂಕಿಗೂ ಈ ಸರ್ವರಿಗೂ ನಡುವೆ ಎಷ್ಟು ಕಂಪನಿಗಳಿದ್ದಾವೆ? ಮಾರ್ಗಸೂಚಿ ಈ ಘಟನೆಯ ಎರಡೇ ತಿಂಗಳ ನಂತರ ಬಂತು. ಒಂದು ಪುಟವನ್ನಾದರೂ ಇದಕ್ಕೆ ಕೊಟ್ಟು, 'ನಮ್ಮ ಚೀಟಿ ಇಲ್ಲಿ ಏನು ಮಾಡ್ತಿತ್ತು, ಏನು ಮಾಡ್ತಿರಲಿಲ್ಲ' ಅಂತ ಬರೆದಿದ್ದರೆ ಇಡೀ ಪುಸ್ತಕದ ತೂಕವೇ ಬೇರೆ ಆಗ್ತಿತ್ತು. ಇದು ನನ್ನ ದೊಡ್ಡ ದೂರು.

ಅದೇ ಆಗಸ್ಟಿನಲ್ಲಿ ನಮ್ಮ ಜಿಲ್ಲೆ ಇನ್ನೊಂದು ಪಾಠ ನೋಡ್ತು. 10ನೇ ತಾರೀಕಿನ ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯ್ತು. ಗಂಗಾವತಿ ಕಡೆ ಭತ್ತದ ಗದ್ದೆಗಳಿಗೆ ನೀರು ಬೇಕಾದ ಹೊತ್ತು. 33 ಗೇಟು ಇದ್ದಾವೆ ಅನ್ನೋ ಪಟ್ಟಿ ಯಾರ ಹತ್ತಿರ ಇರಲಿಲ್ಲ ಹೇಳ್ರಿ? ಚಿಕ್ಕಮಕ್ಕಳಿಗೂ ಗೊತ್ತು. ಇಲ್ಲದಿದ್ದದ್ದು, ಒಂದು ಹೋದರೆ ಆ ಜಾಗಕ್ಕೆ ಇಳಿಸಲಿಕ್ಕೆ ಸಿದ್ಧವಾಗಿರೋ ಸ್ಟಾಪ್‌ಲಾಗ್. ಅದನ್ನು ಮಾಡಿಸಿ ತರಬೇಕಾಯ್ತು. ಕನ್ನಯ್ಯ ನಾಯ್ಡು ಅನ್ನೋ ಹಿರಿಯ ತಜ್ಞರು ಮುಂದೆ ನಿಂತು, ಹರಿಯುವ ನೀರಿನಲ್ಲೇ ಒಂದೊಂದು ತುಂಡು ಇಳಿಸಿ ಒಂದು ವಾರದಲ್ಲಿ ಬಂದ್ ಮಾಡಿಸಿದರು. ಅಷ್ಟು ಹೊತ್ತಿಗೆ ಹೋದ ನೀರು ಹೋಯ್ತು. ಆ ವರ್ಷ ಮಳೆರಾಯ ಕೈಹಿಡಿದ, ಡ್ಯಾಮು ಮತ್ತೆ ತುಂಬ್ತು, ಅದು ನಮ್ಮ ಪುಣ್ಯ.

ಲೈಸೆನ್ಸಿನ ವಿಷಯಕ್ಕೆ ಮಾರ್ಗಸೂಚಿ ಕೊಟ್ಟದ್ದು ಒಂದು ಕಾಲಂ. ಕಂಪನಿಗಳಲ್ಲೂ ಅಷ್ಟೇ, ಎಂಐಟಿ ಅಂದ್ರೆ ಹಸಿರು, ಜಿಪಿಎಲ್ ಅಂದ್ರೆ ಕೆಂಪು, ಮುಗೀತು. ಹಸಿರಿಗೂ ಷರತ್ತಿದೆ ಅಂತ ಬಹಳ ಮಂದಿಗೆ ಗೊತ್ತೇ ಇಲ್ಲ. ಎಂಐಟಿ ಲೈಸೆನ್ಸು ಕೇಳೋದು ಒಂದೇ ಒಂದು: ಬರೆದವನ ಹೆಸರಿರುವ ಆ ಪುಟ್ಟ ಸೂಚನೆಯನ್ನು ಜೊತೆಗಿಡು. ನಿಮ್ಮ ಫೋನಿನ ಸೆಟ್ಟಿಂಗ್ಸಿನಲ್ಲಿ ಕೆಳಗೆಲ್ಲೋ ಲೈಸೆನ್ಸುಗಳ ಉದ್ದನೆಯ ಪುಟ ಇರ್ತದಲ್ಲ, ಅದು ಅದಕ್ಕೇ. ಈಗ ನೀವು ದಿನಾ ಬಳಸೋ ನಮ್ಮ ದೇಶದ ಆ್ಯಪುಗಳಲ್ಲಿ ಆ ಪುಟ ಹುಡುಕ್ರಿ. ಎಷ್ಟರಲ್ಲಿ ಸಿಗ್ತದೆ ಅಂತ ಎಣಿಸಲಿಕ್ಕೆ ಒಂದು ಕೈಯ ಬೆರಳು ಸಾಕೋ ಸಾಲದೋ ನೀವೇ ಹೇಳ್ರಿ.

ಷರತ್ತು ಒಂದೇ ಥರ ಉಳಿಯೋದೂ ಇಲ್ಲ. ಎಲಾಸ್ಟಿಕ್‌ಸರ್ಚ್ 2021ರಲ್ಲಿ, ಟೆರಾಫಾರ್ಮ್ 2023ರಲ್ಲಿ, ರೆಡಿಸ್ 2024ರ ಮಾರ್ಚಿನಲ್ಲಿ ತಮ್ಮ ಲೈಸೆನ್ಸ್ ಬಿಗಿ ಮಾಡಿದವು. ಸುರಕ್ಷತೆಯ ಟೀಮು 'ಹೊಸ ಆವೃತ್ತಿಗೆ ಏರ್ರಿ' ಅಂತದೆ, ಕಾನೂನಿನ ಟೀಮು 'ಹಳೆಯದರಲ್ಲೇ ಇರ್ರಿ' ಅಂತದೆ. ನಡುವೆ ಡೆವಲಪರ್ ಎತ್ತಿಲ್ಲದ ಬಂಡಿ ಥರ ನಿಂತಿರ್ತಾನೆ. ಇದು ಇವತ್ತಿನ ದಿನನಿತ್ಯದ ಜಗಳ. ಸುರಕ್ಷತೆ ಒಂದು ಕಾಲಂ, ಲೈಸೆನ್ಸು ಇನ್ನೊಂದು ಕಾಲಂ ಅಂತ ಬರೆದವರಿಗೆ ಇವೆರಡೂ ಒಂದನ್ನೊಂದು ಎಳೆದಾಡ್ತಾವೆ ಅನ್ನೋದು ಹೊಳೆದಿಲ್ಲ.

ಕನ್ನಡದ ಕೆಲಸ ಮಾಡುವವರಿಗೆ ಇದರಲ್ಲಿ ಇನ್ನೊಂದು ಮಗ್ಗಲು ಇದೆ. ಸ್ಕ್ಯಾನರುಗಳು ನೋಡೋದು ಪ್ಯಾಕೇಜುಗಳನ್ನ. ಫಾಂಟು, ಪದಪಟ್ಟಿ, ನಿಘಂಟಿನ ಡೇಟಾ ಫೋಲ್ಡರಿನ ಮೂಲೆಯಲ್ಲಿ ಸುಮ್ಮನೆ ಕೂತಿರ್ತಾವೆ, ಬಹಳ ಸಲ ಕಣ್ಣಿಗೇ ಬೀಳೋದಿಲ್ಲ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಥರದ ಫಾಂಟುಗಳು ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ, ಲೈಸೆನ್ಸಿನ ಪಠ್ಯ ಜೊತೆಗಿರಬೇಕು. ಆದರೆ ನಮ್ಮಲ್ಲಿ ರೂಢಿ ಏನು? 'ನೆಟ್ಟಲ್ಲಿ ಸಿಕ್ತು, ಫ್ರೀ ಐತಿ.' ದುಡ್ಡು ಕೇಳಲಿಲ್ಲ ಅನ್ನೋದು ಬೇರೆ, ಅನುಮತಿ ಕೊಟ್ಟಿದ್ದಾರೆ ಅನ್ನೋದು ಬೇರೆ. ಈ ವ್ಯತ್ಯಾಸವನ್ನು ಡಿಟಿಪಿ ಅಂಗಡಿಯಿಂದ ಹಿಡಿದು ಸ್ಟಾರ್ಟಪ್ಪಿನವರೆಗೆ ಯಾರೂ ಕೇಳೋದಿಲ್ಲ.

'ಅಲರ್' ನಿಘಂಟು ನೆನಪು ಮಾಡ್ಕೊಳ್ಳಿ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷದಷ್ಟು ಪದಗಳು. ಜೆರೋಧಾದ ಕೈಲಾಶ್ ನಾಧ್ ಅದನ್ನು 2019ರಲ್ಲಿ ಅಂತರ್ಜಾಲಕ್ಕೆ ತಂದರು. ಡೇಟಾವನ್ನೂ ಮುಕ್ತವಾಗಿ ಕೊಟ್ಟರು, ಓಪನ್ ಡೇಟಾಬೇಸ್ ಲೈಸೆನ್ಸಿನಲ್ಲಿ. ಷರತ್ತು ಸರಳ: ಹೆಸರು ಹೇಳಬೇಕು, ತಿದ್ದಿ ಬೆಳೆಸಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು. ಯಾವುದೋ ಕೀಬೋರ್ಡ್ ಆ್ಯಪಿನವರೋ ಎಐ ಮಾಡುವವರೋ ಆ ಫೈಲನ್ನು ಎತ್ತಿ ಒಳಗಿಟ್ಟುಕೊಂಡರು ಅಂತಿಟ್ಕೊಳ್ರಿ. ಯಾವ ತಪಾಸಣೆಯಲ್ಲಿ ಸಿಕ್ಕಿಬೀಳ್ತಾರೆ? ನಾಲ್ಕು ದಶಕದ ದುಡಿಮೆ ಇಪ್ಪತ್ತೊಂದು ಕಾಲಮ್ಮಿನ ಒಂದು ಸಾಲಿಗೂ ಬಾರದೆ ಹೋಗಬಹುದು. ನನಗೆ ಲೈಸೆನ್ಸ್ ತಪಾಸಣೆ ಅಂದ್ರೆ ಕೋರ್ಟಿನ ಹೆದರಿಕೆಗಿಂತ ಮೊದಲು ಇದು, ಉಂಡ ಮನೆಯ ಹೆಸರು ಹೇಳೋದು.

ಅದೇ ಜೆರೋಧಾ 2024ರ ಅಕ್ಟೋಬರಿನಲ್ಲಿ, ಸರ್ಟ್-ಇನ್ ಮಾರ್ಗಸೂಚಿ ಬಂದ ತಿಂಗಳಲ್ಲೇ, ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಮುಕ್ತ ತಂತ್ರಾಂಶಗಳಿಗೆ ಕೊಡ್ತೀವಿ ಅಂತ ಒಂದು ನಿಧಿ ಘೋಷಿಸಿತು. ನಮಗೆ ಏನು ಬೇಕು, ಯಾರನ್ನು ಸಂಪರ್ಕಿಸಬೇಕು ಅಂತ ಬರೆದವರೇ ಒಂದು ಸಣ್ಣ ಫೈಲಿನಲ್ಲಿ ಬರೆದಿಡಬೇಕು. ನೋಡಿದರೆ ಇದೂ ಒಂದು ಚೀಟಿಯೇ. ಆದರೆ ಇದರಲ್ಲಿ ಆ ಕಡೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೂ ಖರ್ಚಿದೆ ಅಂತ ಒಪ್ಕೊಂಡಿದ್ದಾರೆ. ಒಂದು ಕಂಪನಿಯ ಔದಾರ್ಯದ ಮೇಲೆ ಎಲ್ಲ ನಿಲ್ಲಬಾರದು ನಿಜ. ಆದರೂ ಎರಡೂ ಕಾಗದ ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಹಿಡಿಸಿದ್ದು ಈ ಸಣ್ಣದೇ.

2025ರ ಜುಲೈಯಲ್ಲಿ ಸರ್ಟ್-ಇನ್ ಎರಡನೇ ಆವೃತ್ತಿ ತಂದಿತು. ಈಗ ಸಾಫ್ಟ್‌ವೇರಿನ ಜೊತೆ ಹಾರ್ಡ್‌ವೇರಿಗೆ, ಗೂಢಲಿಪಿಗೆ, ಕ್ವಾಂಟಂಗೆ, ಎಐಗೆ, ಎಲ್ಲಕ್ಕೂ ಒಂದೊಂದು ಚೀಟಿ. ಎಐ ಚೀಟಿ ಬೇಕೇ ಬೇಕು, ಸಂಶಯ ಇಲ್ಲ. ಆದರೆ ಮೊದಲ ಚೀಟಿಯನ್ನೇ ಓದುವವರು ಯಾರು ಅಂತ ಗೊತ್ತಾಗದೆ ಇನ್ನೂ ನಾಲ್ಕು ಬರೆಸೋದು ನಮ್ಮ ದೇಶದ ಹಳೇ ಚಾಳಿ.

ಓದುವವರು ಯಾರು ಅನ್ನೋದೇ ಈಗ ನಿಜವಾದ ಪ್ರಶ್ನೆ. ಕೇಂದ್ರ ಸರ್ಕಾರ 2022ರ ಜೂನಿನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲಿಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಾವು ಊರಲ್ಲಿ ಸೊಸೈಟಿ ಅಂತ ಕರೆಯೋದು ಇವನ್ನೇ. ಗೊಬ್ಬರದ ಲೆಕ್ಕ, ಬೆಳೆಸಾಲದ ಲೆಕ್ಕ ಬರೆಯೋ ಕೆಂಪು ಬಟ್ಟೆಯ ವಹಿ ಹೋಗಿ ಎಲ್ಲ ಕಂಪ್ಯೂಟರಿಗೆ ಬರ್ತಿದೆ. ಬರಲಿ, ಒಳ್ಳೇದೇ. ಆದರೆ ಮಾರ್ಗಸೂಚಿ ಬಯಸೋ ಹಾಗೆ ಚೀಟಿ ಕೇಳಬೇಕಾದವರು ಸಾಫ್ಟ್‌ವೇರ್ ಬಳಸೋ ಸಂಸ್ಥೆಯವರು, ಅಂದರೆ ಕೊನೆಗೆ ಒಬ್ಬ ಸೊಸೈಟಿ ಸೆಕ್ರೆಟರಿ. ಅವನಿಗೆ ಸಿಗೋದು ಇಂಗ್ಲಿಷಿನ ಪಿಡಿಎಫ್, ಅದರೊಳಗೆ ಎನ್-ಲೆವೆಲ್, ಟ್ರಾನ್ಸಿಟಿವ್, ಸೈಕ್ಲೋನ್‌ಡಿಎಕ್ಸ್ ಅನ್ನೋ ಪದಗಳು.

ಯಲಬುರ್ಗಾದ ಆ ಸೆಕ್ರೆಟರಿ ಹಡ್ಡನಲ್ಲ. ಗೊಬ್ಬರದ ಲಾರಿ ಬಂದಾಗ ಚೀಲದ ಮೇಲಿನ ಬ್ಯಾಚ್ ನಂಬರ್ ಓದಿ, ಹೊಲಿಗೆ ಬಿಚ್ಚಿದೆಯಾ ಅಂತ ನೋಡಿ, ಎರಡು ಚೀಲ ತೂಗಿಸಿ ಆಮೇಲೆ ಸಹಿ ಹಾಕೋ ಮನುಷ್ಯ. ಸಾಫ್ಟ್‌ವೇರ್ ಕೊಟ್ಟವರಿಗೂ ಅವನು ಹಂಗೇ ಕೇಳಬಹುದು: ಇದರೊಳಗ ಬ್ಯಾರೆಯವರದು ಏನೇನು ಹಾಕೀರಿ? ಇದನ್ನ ಕಟ್ಟೋ ಮಷೀನು ಯಾರ ಕೈಯಾಗ ಐತಿ, ಕಡೀಗೆ ಯಾವಾಗ ರಿಪೇರಿ ಮಾಡೀರಿ? ನಾಳೆ ಸಂತಿ ದಿನ ನಿಂತ್ರ ಯಾರಿಗೆ ಫೋನ್ ಹಚ್ಚಲಿ? ಈ ಮೂರು ಪ್ರಶ್ನೆ ಕನ್ನಡದಲ್ಲಿ ಒಂದು ಪುಟಕ್ಕೆ ಹಿಡಿಸ್ತಾವೆ. ಮೂರನೇ ಆವೃತ್ತಿ ಬರೆಯೋವಾಗ ಆ ಒಂದು ಪುಟ ಸೇರಿಸ್ರಿ ಅಂತ ನಾನು ಸರ್ಟ್-ಇನ್‌ಗೆ ಇಮೇಲ್ ಹಾಕಿದ್ದೀನಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ.